ಮೂರು ಕಲೆಕ್ಟರ್ ಕಚೇರಿ, ಒಂದು ಕೋವಿ

ಕಾಸರಗೋಡು ಕಡೆಯ ನಮ್ಮವರ ಚರಿತ್ರೆ ಬರೆಯುವಾಗ ಸಾಮಾನ್ಯವಾಗಿ ಪಳ್ಳಿ, ಮಂಜಿ, ಅಂಗಡಿ, ಗಲ್ಫ್ ಎಂದು ಶುರುಮಾಡುತ್ತೇವೆ. ನಾನು ಈ ಸಲ ಕೋವಿಯ ಲೈಸನ್ಸಿನ ಬಗ್ಗೆ ಬರೆಯುತ್ತೇನೆ. ಬ್ಯಾರಿಗಳಿಗೂ ಕೋವಿಗೂ ಏನು ಸಂಬಂಧ ಎಂದು ಕೇಳಬೇಡಿ. ಮಂಜೇಶ್ವರದ ಕಡಲ ಬದಿಯಿಂದ ಒಳಗೆ ಬಾಯಾರು, ಪೈವಳಿಕೆ, ಪೆರ್ಲದ ಗುಡ್ಡಗಳವರೆಗೆ ತೋಟ ಮಾಡಿದ ಮನೆಗಳಲ್ಲಿ ಕೋವಿ ಇತ್ತು. ಈಗಲೂ ಕೆಲವು ಮನೆಗಳಲ್ಲಿ ಇದೆ. ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್, ಕನ್ನಡದಲ್ಲಿ ಕೋವಿ. ಹೆಸರು ಯಾವುದಾದರೂ ಅದರ ಜೊತೆ ಒಂದು ಕಾಗದ ಇರಲೇಬೇಕು. ನನ್ನ ವಿಷಯ ಆ ಕಾಗದ.

ಇದನ್ನು ಬರೆಯಲು ಎರಡು ಕಾರಣ ಉಂಟು. ಒಂದು, ಹಂದಿ ಕಾಟ ಹೆಚ್ಚಾದ ಮೇಲೆ ಲೈಸನ್ಸಿಗೆ ಅರ್ಜಿ ಹಾಕುವುದು ಹೇಗೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಇನ್ನೊಂದು, ಲೈಸನ್ಸ್ ಇದ್ದ ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳು ಗಲ್ಫಿನಲ್ಲಿದ್ದಾರೆ, ಕೋವಿ ಮಾತ್ರ ಕಪಾಟಿನಲ್ಲಿದೆ ಎನ್ನುವಂಥ ಮನೆಗಳು ನಮ್ಮಲ್ಲಿ ಕೆಲವು ಇವೆ. ಅಂಥ ಮನೆಯವರು ಇದನ್ನು ಕೊನೆಯವರೆಗೆ ಓದಬೇಕು.

ನನ್ನ ಉಪ್ಪನದು ಜಿನಸಿ ಅಂಗಡಿ. ಮೊದಲೆಲ್ಲ ಅಂಗಡಿಗೆ ಬರುವವರು ಅಕ್ಕಿ, ಬೆಲ್ಲದ ಜೊತೆ ಒಂದು ಅರ್ಜಿಯನ್ನೂ ಬರೆಸಿಕೊಂಡು ಹೋಗುತ್ತಿದ್ದರು. ಉಪ್ಪನ ಕನ್ನಡ ಅಕ್ಷರ ಚೆನ್ನಾಗಿತ್ತು. ಈಗ ಆ ಕೆಲಸ ನನ್ನ ಲ್ಯಾಪ್‌ಟಾಪಿಗೆ ಬಂದಿದೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಕಾನೂನು ಅಲ್ಲ. ಆದರೆ ಫಾರಂ ತುಂಬಿಸುವಾಗ ಪ್ರತಿ ಪ್ರಶ್ನೆಯೂ ಯಾಕೆ ಬಂತು ಎಂದು ಹುಡುಕುವುದು ನನಗೆ ಅಭ್ಯಾಸ. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದು.

ಯಾರನ್ನು ನಂಬುವುದು ಎಂಬ ಪ್ರಶ್ನೆ

1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಹೋಯಿತು, ಮದರಾಸಿನ ಆಡಳಿತಕ್ಕೆ ಸೇರಿತು. ನಮ್ಮ ಕಾಸರಗೋಡು ತಾಲೂಕು ಆ ಜಿಲ್ಲೆಯ ದಕ್ಷಿಣದ ತುದಿ. ಅದರಾಚೆ ಮಲಬಾರ್ ಜಿಲ್ಲೆ. ಆಯುಧದ ಮೇಲಿನ ಕಾನೂನು ಮೊದಲು ಬಂದದ್ದು ಆ ಪಕ್ಕದ ಜಿಲ್ಲೆಗೆ. 1854ರಲ್ಲಿ ಮಲಬಾರಿನ ಮಾಪಿಳ್ಳೆಗಳ ಯುದ್ಧಗತ್ತಿಯನ್ನು ನಿಷೇಧಿಸಿ ಒಂದು ಕಾಯಿದೆ ಮಾಡಿದರು. ಕಲೆಕ್ಟರ್ ಕೊನೊಲಿ ಊರೂರಿಂದ ಕತ್ತಿಗಳನ್ನು ಒಪ್ಪಿಸಿಕೊಂಡ. ಮರುವರ್ಷವೇ ಅವನನ್ನು ಕೋಝಿಕ್ಕೋಡಿನಲ್ಲಿ ಕೊಂದರು. ಒಂದು ಸಮುದಾಯದ ಹೆಸರು ಹೇಳಿ, ಅವರ ಆಯುಧದ ಹೆಸರು ಹೇಳಿ ಮಾಡಿದ ಕಾನೂನು ಅದು. ಆಯುಧ ಇಟ್ಟುಕೊಂಡವನು ಏನು ತಪ್ಪು ಮಾಡಿದ ಎಂದು ಅದು ಕೇಳಲಿಲ್ಲ, ಅವನು ಯಾರು ಎಂದು ಮಾತ್ರ ಕೇಳಿತು.

1857ರ ದಂಗೆ ಎದ್ದಾಗ ಇಡೀ ದೇಶಕ್ಕೆ ಇದೇ ಬುದ್ಧಿ ಹರಡಿತು. ಆ ವರ್ಷವೇ ಆಯುಧದ ಆಮದು, ತಯಾರಿ, ಮಾರಾಟಕ್ಕೆ ಕಡಿವಾಣ ಹಾಕುವ ಕಾಯಿದೆ ಬಂತು. 1860ರಲ್ಲಿ ಇನ್ನೊಂದು ಬಂತು. ಕೊನೆಗೆ 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಭಾರತೀಯ ಆಯುಧ ಕಾಯಿದೆ ಆಯಿತು. ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ ಎಂಬ ಮಾತು ಗಟ್ಟಿಯಾಗಿ ನಿಂತದ್ದು ಆಗ.

ಆದರೆ ಆ ಕಾಯಿದೆಯ ನಿಜವಾದ ಮುಖ ಇರುವುದು ಅದರ ವಿನಾಯಿತಿ ಪಟ್ಟಿಯಲ್ಲಿ. ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ಲೈಸನ್ಸ್ ಬೇಡ. ದೊಡ್ಡ ಜಮೀನ್ದಾರರು, ಸರಕಾರದ ಬಿರುದು ಪಡೆದವರು ಮುಂತಾದ ಕೆಲವರಿಗೂ ರಿಯಾಯಿತಿ. ಉಳಿದ ಎಲ್ಲರೂ ಕಲೆಕ್ಟರರ ಮುಂದೆ ಕೈಕಟ್ಟಿ ನಿಲ್ಲಬೇಕು. ಅಂದರೆ ಹುಟ್ಟು ಮತ್ತು ಅಂತಸ್ತು ನೋಡಿ ನಂಬಿಕೆಯ ಸರ್ಟಿಫಿಕೇಟು ಕೊಡುವ ಕ್ರಮ. ಜನಾಂಗದ ಹೆಸರಿನ ಈ ಭೇದವನ್ನು ನಿಯಮಗಳಿಂದ ತೆಗೆಯಲು 1920ರ ಸುಮಾರಿನವರೆಗೆ ಕಾಯಬೇಕಾಯಿತು.

ನಮ್ಮ ನೆರೆಯಲ್ಲೇ ಇದಕ್ಕೊಂದು ಉದಾಹರಣೆ ಇವತ್ತಿಗೂ ಉಂಟು. ಪಾಣತ್ತೂರಿನಿಂದ ಗಡಿ ದಾಟಿದರೆ ಕರಿಕೆ, ಅದು ಕೊಡಗು. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೂ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸನ್ಸಿನ ಅಗತ್ಯ ಇಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಅದು, ಕೊಡವರ ನಿಷ್ಠೆಗೆ ಬ್ರಿಟಿಷರು ಕೊಟ್ಟ ಬಹುಮಾನ. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರಕಾರ ಮತ್ತೆ ಹತ್ತು ವರ್ಷ ವಿಸ್ತರಿಸಿದೆ, 2029ರ ತನಕ. ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದಾಗ 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡವರಿಗೆ ಕೋವಿ ಹಬ್ಬದ, ಹುಟ್ಟುಸಾವಿನ ಭಾಗ, ಅದರ ಬಗ್ಗೆ ನನಗೆ ತಕರಾರಿಲ್ಲ. ಒಂದೇ ಗುಡ್ಡದ ಆ ಬದಿಯ ತೋಟದವನಿಗೆ ವಿನಾಯಿತಿ ಪತ್ರ, ಈ ಬದಿಯ ತೋಟದವನಿಗೆ ಅರ್ಜಿ ಏಕೆ ಎಂದು ಕೇಳಿದರೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಮದರಾಸಿನಿಂದ ಸಂವಿಧಾನ ಸಭೆಗೆ

ಈ ಕಾಯಿದೆಯ ಅವಮಾನ ಆ ಕಾಲದ ಓದಿದವರನ್ನು ತುಂಬಾ ಚುಚ್ಚಿತ್ತು. 1887ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನ ನಡೆಯಿತು. ಅಧ್ಯಕ್ಷರು ಬದ್ರುದ್ದೀನ್ ತಯ್ಯಬ್ಜಿ, ಕಾಂಗ್ರೆಸ್ಸಿನ ಮೊದಲ ಮುಸ್ಲಿಂ ಅಧ್ಯಕ್ಷರು. ಆಯುಧ ಕಾಯಿದೆಯನ್ನು ಸಡಿಲಿಸಬೇಕು ಎಂದು ಆ ಅಧಿವೇಶನ ಠರಾವು ಮಾಡಿತು. ಅಹಿಂಸೆಯ ಗಾಂಧೀಜಿ ಕೂಡ ಈ ಕಾಯಿದೆಯನ್ನು ಕಟುವಾಗಿ ಟೀಕಿಸಿದವರು. ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು, 1930ರ ಜನವರಿಯಲ್ಲಿ ಅವರು ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಕೋವಿಯ ಲೈಸನ್ಸ್ ಕೊಡಬೇಕು ಎಂಬುದೂ ಒಂದು, ಆದರೆ ಅದು ಜನಪ್ರತಿನಿಧಿಗಳ ಹಿಡಿತದಲ್ಲಿರಬೇಕು. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಬರೆದರು.

ಹಾಗಾದರೆ ಸಂವಿಧಾನದಲ್ಲಿ ಅದು ಏಕಿಲ್ಲ? ಈ ಪ್ರಶ್ನೆಯನ್ನು ಸಂವಿಧಾನ ಸಭೆಯಲ್ಲಿ ಎತ್ತಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಒಬ್ಬರು. ಹರಿ ವಿಷ್ಣು ಕಾಮತ್, 1907ರಲ್ಲಿ ಹುಟ್ಟಿದವರು. ಐ.ಸಿ.ಎಸ್. ಕೆಲಸ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಹೋದವರು. ಸಂವಿಧಾನ ಸಭೆಯಲ್ಲಿ ಅವರು ಮಧ್ಯಪ್ರಾಂತದ ಪ್ರತಿನಿಧಿ. 1948ರ ಡಿಸೆಂಬರಿನಲ್ಲಿ ಅವರು ಕರಾಚಿಯ ಮಾತನ್ನು ನೆನಪಿಸಿ, ಆಯುಧದ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ತಡೆಯಿಲ್ಲದೆ ಆಯುಧ ಕೊಳ್ಳುವಂತಾದರೆ ಕಾನೂನು ಕಾಪಾಡುವುದು ಸಾಧ್ಯವಿಲ್ಲ ಎಂಬುದು ಅವರ ವಾದದ ಸಾರ. ದೇಶವಿಭಜನೆಯ ರಕ್ತ ಇನ್ನೂ ಒಣಗಿರದ ಕಾಲ ಅದು. ತಿದ್ದುಪಡಿ ಬಿತ್ತು.

ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಕೊನೆಗೆ ನಿಂತದ್ದು ಅಂಬೇಡ್ಕರರ ಮಾತು. ಕೋವಿ ನಮಗೆ ಮೂಲಭೂತ ಹಕ್ಕಲ್ಲ. ಆದರೆ ಅರ್ಜಿ ಹಾಕುವ ಹಕ್ಕು, ಅದಕ್ಕೆ ನ್ಯಾಯವಾದ ಉತ್ತರ ಪಡೆಯುವ ಹಕ್ಕು ಇದೆ. ಅದನ್ನು ಕೊಟ್ಟದ್ದು 1959ರ ಕಾಯಿದೆ.

1959ರ ಕಾಯಿದೆ ಕೊಟ್ಟದ್ದೇನು

ಹಳೆಯ ಕಾಯಿದೆಯನ್ನು ತೆಗೆದು ಸಂಸತ್ತು 1959ರಲ್ಲಿ ಹೊಸ ಆಯುಧ ಕಾಯಿದೆ ಮಾಡಿತು. ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಈ ಕಾಯಿದೆಯ ಮೂರು ಸೆಕ್ಷನ್‌ಗಳನ್ನು ಅರ್ಜಿದಾರರು ನೆನಪಿಡಬೇಕು.

ಸೆಕ್ಷನ್ 13ರಲ್ಲಿ, ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದ ಕೇಪಿನ ಕೋವಿಗೆ, ಹಾಗೆಯೇ ರಕ್ಷಣೆ ಅಥವಾ ಕ್ರೀಡೆಗಾಗಿ 20 ಇಂಚಿಗೆ ಕಮ್ಮಿಯಿಲ್ಲದ ನಯವಾದ ನಳಿಗೆಯ ಕೋವಿಗೆ ಲೈಸನ್ಸ್ ಕೊಡಬೇಕು ಎಂದಿದೆ. ನಿರಾಕರಿಸಲು ಸೆಕ್ಷನ್ 14ರ ಕಾರಣಗಳಲ್ಲಿ ಒಂದಾದರೂ ಇರಬೇಕು. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆ ರಕ್ಷಣೆಗೆ ತೋಟೆ ಕೋವಿಯನ್ನೂ ಕೊಡಬಹುದು.

ಇಲ್ಲಿ ನನ್ನ ಡಿಪ್ಲೊಮಾ ಸ್ವಲ್ಪ ಉಪಯೋಗಕ್ಕೆ ಬಂತು. 20 ಇಂಚು ಅಂದರೆ ಸುಮಾರು 51 ಸೆಂಟಿಮೀಟರ್ ನಳಿಗೆ. ಅದಕ್ಕೆ ಮರದ ಹಿಡಿಯೂ ಸೇರಿದರೆ ಶರಟಿನ ಒಳಗೆ ಅಡಗಿಸಲಾಗದು. ನಯವಾದ ನಳಿಗೆ ಅಂದರೆ ಒಳಗೆ ಸುರುಳಿ ಗೀರು ಇಲ್ಲ. ಗೀರು ಇದ್ದರೆ ಗುಂಡು ತಿರುಗುತ್ತಾ ದೂರಕ್ಕೆ ನೇರ ಹೋಗುತ್ತದೆ, ಅದು ರೈಫಲ್. ಗೀರಿಲ್ಲದಿದ್ದರೆ ಚಿಲ್ಲುಗಳು ಹರಡಿ ಹತ್ತಿರದಲ್ಲೇ ಬಲ ಕಳೆದುಕೊಳ್ಳುತ್ತವೆ. ಕೇಪಿನ ಕೋವಿಗೆ ಪ್ರತಿ ಸಲ ಬಾಯಿಯಿಂದ ಮಸಿ, ಚಿಲ್ಲು ತುಂಬಿಸಿ ಜಡಿಯಬೇಕು. ಒಂದು ಈಡು ಹೊಡೆದ ಮೇಲೆ ಇನ್ನೊಂದಕ್ಕೆ ಪುರುಸೊತ್ತು ಬೇಕು. ತೋಟಕ್ಕೆ ಸಾಕು, ಜಗಳಕ್ಕೆ ಸಾಲದು. 12 ಬೋರ್ ಎಂಬ ಮಾತೂ ಒಂದು ಅಳತೆ: ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ, ನಳಿಗೆಯ ಒಳಗಾತ್ರ ಅಷ್ಟು, ಸುಮಾರು 18.5 ಮಿಲಿಮೀಟರ್.

ಸೆಕ್ಷನ್ 14 ನಿರಾಕರಣೆಗೆ ಸಂಬಂಧಿಸಿದ್ದು. ಕಾನೂನು ನಿಷೇಧಿಸಿದ ವ್ಯಕ್ತಿ, ಮಾನಸಿಕ ಅಸ್ವಸ್ಥತೆ, ಸಾರ್ವಜನಿಕ ಶಾಂತಿಗೆ ಭಂಗ ಎಂಬಂಥ ಕಾರಣಗಳಿಗೆ ನಿರಾಕರಿಸಬಹುದು. ಆದರೆ ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಜಮೀನ್ದಾರನಿಗೆ ರಿಯಾಯಿತಿ ಕೊಟ್ಟ 1878ರ ಕಾಯಿದೆಯ ಪಕ್ಕದಲ್ಲಿಟ್ಟು ಇದನ್ನು ಓದಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಸೆಕ್ಷನ್ 18ರ ಪ್ರಕಾರ ಅದರ ಮೇಲೆ ಅಪೀಲು ಹೋಗಬಹುದು. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ ಅಪೀಲಿಗೆ ಆಧಾರವೇ ಇರುವುದಿಲ್ಲ. ಆದ್ದರಿಂದ ಬರವಣಿಗೆ ಕೇಳಬೇಕು.

ಕಾಗದ ನಡೆದ ದಾರಿ

ದೇಶಕ್ಕೆ ಕಾನೂನು ಬದಲಾಗುವ ಹೊತ್ತಿಗೆ ನಮಗೆ ಕಚೇರಿಯೇ ಬದಲಾಗುತ್ತಿತ್ತು. ಒಂದು ಮನೆಯವರ ಹಳೆಯ ಲೈಸನ್ಸ್ ಕಟ್ಟನ್ನು ನಾನು ಬಿಡಿಸಿ ನೋಡಿದೆ. ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿ ಮೂರು ಊರಿನ ಮುದ್ರೆಗಳಿದ್ದವು.

ಮೊದಲನೆಯದು ಮಂಗಳೂರು. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆ. ಬೆಳಿಗ್ಗೆ ಹೋಗಿ ಕಚೇರಿ ಕೆಲಸ ಮುಗಿಸಿ, ಬಂದರಿನಲ್ಲಿ ಅಂಗಡಿಗೆ ಸಾಮಾನು ಕಟ್ಟಿಸಿ ಸಂಜೆಗೆ ಮನೆಗೆ ಬರಬಹುದಾಗಿತ್ತು. ಆ ದಿನ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1957ರ ಜನವರಿಯಲ್ಲಿ ಮಲಬಾರ್ ಜಿಲ್ಲೆಯನ್ನು ಒಡೆದು ಕಣ್ಣೂರು ಜಿಲ್ಲೆ ಮಾಡಿದರು, ನಾವು ಅದರೊಳಗೆ. ಎರಡನೆಯ ಮುದ್ರೆ ಅಲ್ಲಿಯದು. ಮಂಜೇಶ್ವರದ ಬದಿಯವರಿಗೆ ಮಂಗಳೂರು ಕೂಗಳತೆಯ ಊರು, ಕಣ್ಣೂರು ನೂರು ಕಿಲೋಮೀಟರಿಗೂ ದೂರ. ಒಂದು ನವೀಕರಣಕ್ಕೆ ಒಂದು ಇಡೀ ದಿನ, ಕೆಲವೊಮ್ಮೆ ಎರಡು ದಿನ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಅಲ್ಲಿಂದ ಮೂರನೆಯ ಮುದ್ರೆ, ವಿದ್ಯಾನಗರದ ಕಲೆಕ್ಟರೇಟಿನದು.

ಕೋವಿ ಒಂದೇ, ಮನೆ ಒಂದೇ, ಅದನ್ನು ಒರಸಿ ಎಣ್ಣೆ ಹಚ್ಚುತ್ತಿದ್ದ ಕೈ ಅಪ್ಪನದಾಗಿ ಮಗನದಾಯಿತು. ಕಾಗದದ ಭಾಷೆ ಮಾತ್ರ ಇಂಗ್ಲಿಷಿನ ಪಕ್ಕ ಕನ್ನಡದಿಂದ ಮಲಯಾಳಕ್ಕೆ ಜಾರಿತು.

ಇದು ಹಳೆಯ ನೋವು ಮಾತ್ರ ಅಲ್ಲ, ಇವತ್ತಿನ ಅಪಾಯವೂ ಹೌದು. ಲೈಸನ್ಸಿನಲ್ಲಿ ಅದು ಎಲ್ಲಿಯವರೆಗೆ ಚಾಲ್ತಿ ಎಂದು ಬರೆದಿರುತ್ತದೆ. ಕೇರಳದೊಳಗೆ ಮಾತ್ರ ಎಂದು ಬರೆದಿದ್ದರೆ ಆ ಕೋವಿ ತಲಪಾಡಿ ದಾಟುವಂತಿಲ್ಲ. ರಿಪೇರಿಗೆ ಮಂಗಳೂರೇ ಹತ್ತಿರ ಎಂದು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋದರೆ ಅಪರಾಧವಾಗುತ್ತದೆ. ಅಜ್ಜನ ಕಾಲಕ್ಕೆ ಅದು ಒಂದೇ ಜಿಲ್ಲೆಯ ಒಳಗಿನ ದಾರಿ ಎಂಬುದು ಚೆಕ್‌ಪೋಸ್ಟಿನಲ್ಲಿ ಉತ್ತರವಾಗುವುದಿಲ್ಲ. ಮನೆ ಬದಲಿಸಿ ಮಂಗಳೂರಿಗೆ ಹೋದವರೂ ಎರಡೂ ಕಡೆಯ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು.

ಈಗಿನ ಅರ್ಜಿ

ಈಗ ನಡೆಯುವುದು 2016ರ ಆಯುಧ ನಿಯಮಗಳ ಪ್ರಕಾರ. 21 ವರ್ಷ ತುಂಬಿರಬೇಕು. ಅರ್ಜಿಯ ನಮೂನೆ ಎ-1. ಜೊತೆಗೆ ಫೋಟೊ, ಹುಟ್ಟಿದ ದಿನಾಂಕ, ಗುರುತು, ವಿಳಾಸದ ದಾಖಲೆ ಬೇಕು. ದೇಹ, ಮನಸ್ಸು ಸರಿ ಇದೆ ಎಂದು ವೈದ್ಯರ ಸರ್ಟಿಫಿಕೇಟು ಬೇಕು. ಕೋವಿಯನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿ ಪಡೆದ ಪತ್ರ, ಮನೆಯಲ್ಲಿ ಬೀಗ ಹಾಕಿ ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆಯೂ ಬೇಕು. ಬೆಳೆ ರಕ್ಷಣೆಗಾದರೆ ಭೂತೆರಿಗೆ ರಶೀದಿ, ವಿಲೇಜ್ ಆಫೀಸಿನಿಂದ ಸ್ವಾಧೀನದ ಸರ್ಟಿಫಿಕೇಟು ಇಟ್ಟರೆ ಒಳ್ಳೆಯದು. ಎಷ್ಟು ಸೆಂಟು ಜಾಗ, ಏನು ಬೆಳೆ, ಯಾವ ಪ್ರಾಣಿ, ಯಾವ ತಿಂಗಳಲ್ಲಿ ಹಾನಿ ಎಂದು ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ನನಗೆ ರಕ್ಷಣೆ ಬೇಕು ಎಂದು ಮಾತ್ರ ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ.

ಆಮೇಲೆ ಪೊಲೀಸ್ ವರದಿ. ಠಾಣೆಯಿಂದ ಮನೆಗೆ ಬರುತ್ತಾರೆ, ನೆರೆಕರೆಯಲ್ಲಿ ವಿಚಾರಿಸುತ್ತಾರೆ, ಕೇಸು ಉಂಟಾ ಎಂದು ನೋಡುತ್ತಾರೆ. ಕಂದಾಯ, ಅರಣ್ಯ ಇಲಾಖೆಯ ಅಭಿಪ್ರಾಯ ಕೇಳುವುದೂ ಉಂಟು. ನಿಯಮದಂತೆ ಪೊಲೀಸರು 30 ದಿನದೊಳಗೆ ವರದಿ ಕೊಡಬೇಕು. ವರದಿ ಬಂದ 60 ದಿನದೊಳಗೆ ಲೈಸನ್ಸ್ ಅಧಿಕಾರಿ ತೀರ್ಮಾನ ಮಾಡಬೇಕು. ಅರ್ಜಿ ಕೊಟ್ಟ ದಿನದ ರಶೀದಿ ಇದ್ದರೆ ಮಾತ್ರ ಈ ಲೆಕ್ಕ ಹಿಡಿದು ಕೇಳಬಹುದು.

ಲೈಸನ್ಸ್ ಸಿಕ್ಕಿದವರಿಗೆ ರಾಷ್ಟ್ರೀಯ ದಾಖಲೆಯಲ್ಲಿ ಒಂದು ವಿಶಿಷ್ಟ ಸಂಖ್ಯೆ ಕೊಡುತ್ತಾರೆ. ಹಳೆಯ ಲೈಸನ್ಸುಗಳಿಗೂ ಅದು ಆಗಿರಬೇಕು. ಸಂಖ್ಯೆ ಇಲ್ಲದ ಹಳೆಯ ಪುಸ್ತಕ ಎಷ್ಟು ಮುದ್ರೆ ಇದ್ದರೂ ಚಾಲ್ತಿಯಲ್ಲ. ಆ ಮೇಲೆ ಲೈಸನ್ಸ್ ಇರುವ ವ್ಯಾಪಾರಿಯಿಂದ ಕೋವಿ ಕೊಂಡು, ಅದರ ನಂಬರು, ತಯಾರಕರ ಹೆಸರು ಲೈಸನ್ಸಿನಲ್ಲಿ ದಾಖಲಿಸಬೇಕು. 2019ರ ತಿದ್ದುಪಡಿಯಿಂದ ಲೈಸನ್ಸಿನ ಅವಧಿ ಮೂರು ವರ್ಷದಿಂದ ಐದಾಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು.

ಲೈಸನ್ಸುದಾರ ತೀರಿಕೊಂಡರೆ

ಆ ತಗಡಿನ ಪೆಟ್ಟಿಗೆಯ ಮನೆಯ ವಿಷಯಕ್ಕೆ ಬರುತ್ತೇನೆ. ಮನೆಯ ಯಜಮಾನರು, ನಾವೆಲ್ಲ ಕಾಕ ಎಂದು ಕರೆಯುತ್ತಿದ್ದವರು, ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು ದುಬೈಯಲ್ಲಿ. ಮಗಳು ಊರಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಎಪ್ಪತ್ತು ದಾಟಿದೆ. ಕಪಾಟಿನಲ್ಲಿ ಒಂಟಿನಳಿಗೆಯ ತೋಟೆ ಕೋವಿ. ಅವರು ನನ್ನನ್ನು ಕರೆಸಿ ಕೇಳಿದರು, "ಮೋನೇ, ಇದನ್ನು ನೋಡಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಬಾವಿಗೆ ಹಾಕಿಬಿಡಿ ಎಂದು ಒಬ್ಬರು ಹೇಳುತ್ತಾರೆ. ಅಟ್ಟದಲ್ಲಿ ಇರಲಿ, ಯಾರು ಕೇಳುತ್ತಾರೆ ಎಂದು ಇನ್ನೊಬ್ಬರು. ಏನು ಮಾಡಲಿ?"

ಎರಡೂ ಮಾಡಬಾರದು. ಲೈಸನ್ಸ್ ಕೊಟ್ಟದ್ದು ಕಾಕನಿಗೆ, ಮನೆಗೆ ಅಲ್ಲ. ಅವರು ಹೋದ ಮೇಲೆ ಕೋವಿ ಮನೆಯಲ್ಲಿದ್ದರೆ ಅದು ಲೈಸನ್ಸ್ ಇಲ್ಲದ ಕೋವಿ. ಸೆಕ್ಷನ್ 25ರ ಪ್ರಕಾರ ಅದಕ್ಕೆ ಈಗ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು ಶಿಕ್ಷೆ ಆಗಬಹುದು. ಬಾವಿಗೆ ಹಾಕಿದರೆ ಸರಕಾರದ ದಾಖಲೆಯಲ್ಲಿ ಆ ನಂಬರು ಹಾಗೆಯೇ ಉಳಿಯುತ್ತದೆ. ನಾಳೆ ಎಲ್ಲಿ ಎಂದು ಕೇಳಿದರೆ ಯಾರೂ ನಂಬುವ ಉತ್ತರ ಇರುವುದಿಲ್ಲ. ಬ್ಯಾರಿ ಮನೆಯಲ್ಲಿ ದಾಖಲೆಯಿಲ್ಲದ ಕೋವಿ ಸಿಕ್ಕಿತು ಎಂಬ ಒಂದು ಸಾಲಿನ ಸುದ್ದಿ ಎಷ್ಟು ಬೇಗ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ದುಬೈಯಿಂದ ರಜೆಗೆ ಬರುವ ಮಗನ ಪಾಸ್‌ಪೋರ್ಟಿಗೂ ಅದು ಅಂಟಿಕೊಳ್ಳಬಹುದು.

ಕಾನೂನು ತೋರಿಸುವ ದಾರಿ ಸುಲಭ. ಸೆಕ್ಷನ್ 21ರ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಅಥವಾ ಲೈಸನ್ಸ್ ಇರುವ ವ್ಯಾಪಾರಿಯಲ್ಲಿ ಕೋವಿಯನ್ನು ಠೇವಣಿ ಇಡಬೇಕು. ಮರಣ ಪತ್ರದ ಪ್ರತಿ, ಲೈಸನ್ಸ್ ಪುಸ್ತಕ ಜೊತೆಗಿರಲಿ. ಕೋವಿಯ ನಂಬರು ಬರೆದ ರಶೀದಿ ತೆಗೆದುಕೊಳ್ಳಿ. ಮೊದಲೇ ಠಾಣೆಗೆ ಹೇಳಿ ಹೋಗುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು. ಆ ರಶೀದಿ ಕೈಗೆ ಬಂದ ದಿನ ಅವರಿಗೆ ನಿದ್ದೆ ಬಂತಂತೆ.

2016ರ ನಿಯಮ 25 ವಾರಸುದಾರರಿಗೆ ದಾರಿ ಕೊಡುತ್ತದೆ. ಲೈಸನ್ಸುದಾರ ತೀರಿಕೊಂಡರೆ ಕಾನೂನುಬದ್ಧ ವಾರಸುದಾರ ಆ ಕೋವಿಗೆ ಲೈಸನ್ಸ್ ಕೇಳಬಹುದು. ಬದುಕಿರುವಾಗಲೇ, ಲೈಸನ್ಸುದಾರನಿಗೆ 70 ವರ್ಷ ಆದಾಗ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆದಾಗ, ಯಾವುದು ಮೊದಲೋ ಆಗ, ವಾರಸುದಾರನನ್ನು ಸೂಚಿಸಿ ದಾಟಿಸಬಹುದು. ಇದು ತುಂಬಾ ಜನರಿಗೆ ಗೊತ್ತಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಎಪ್ಪತ್ತಾಗಿದ್ದರೆ ಅವರು ಕೂತು ಸಹಿ ಹಾಕುವ ಕಾಲದಲ್ಲೇ ಈ ಕೆಲಸ ಮುಗಿಸಿ. ವಾರಸುದಾರ ಅಂದರೆ ಗಂಡುಮಗನೇ ಆಗಬೇಕಾಗಿಲ್ಲ. ಈ ಮನೆಯಲ್ಲಿ ಅರ್ಜಿ ಹಾಕಿದ್ದು ಮಗಳು. ಅಣ್ಣಂದಿರು ದುಬೈಯಿಂದ ಒಪ್ಪಿಗೆ ಪತ್ರ ಕಳಿಸಿದರು. ತೋಟದಲ್ಲಿ ಇರುವವಳು ಅವಳು, ಹಂದಿ ಬಂದರೆ ಎದ್ದು ಹೋಗುವವಳೂ ಅವಳೇ.

ಯಾರಿಗೂ ಕೋವಿ ಬೇಡವಾದರೆ ಲೈಸನ್ಸ್ ಅಧಿಕಾರಿಗೆ ಮೊದಲು ತಿಳಿಸಿ, ಲೈಸನ್ಸ್ ಇರುವವರಿಗೆ ಮಾರಬಹುದು. ಬೇಡ ಎಂದು ನಿರ್ಧರಿಸುವುದೂ ಮರ್ಯಾದೆಯ ಕೆಲಸವೇ. ಮಕ್ಕಳು ಓಡಾಡುವ ಮನೆಯಲ್ಲಿ ನೆನಪಿಗಾಗಿ ಕೋವಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಲೈಸನ್ಸ್ ಬೇಟೆಯ ಅನುಮತಿಯಲ್ಲ

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಬೆಳೆ ರಕ್ಷಣೆಯ ಲೈಸನ್ಸ್ ಸಿಕ್ಕಿದರೆ ಹಂದಿಗೆ ಈಡು ಹೊಡೆಯಬಹುದು ಎಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹಾಗಿಲ್ಲ. ಕೋವಿ ಇಟ್ಟುಕೊಳ್ಳಲು ಒಂದು ಕಾನೂನು, ಪ್ರಾಣಿಯನ್ನು ಕೊಲ್ಲಲು ಇನ್ನೊಂದು. ಹೆದರಿಸಲು ಗಾಳಿಯಲ್ಲಿ ಹೊಡೆಯುವುದು ಬೇರೆ, ಕೊಲ್ಲುವುದು ಬೇರೆ.

2022ರಲ್ಲಿ ಕೇರಳ ಸರಕಾರ ಈ ಅಧಿಕಾರವನ್ನು ಪಂಚಾಯತಿಗೆ ಇಳಿಸಿತು. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಪಂಚಾಯತ್ ಅಧ್ಯಕ್ಷರು ಆದೇಶ ಕೊಡಬಹುದು. ಹೊಡೆಯುವವನು ಲೈಸನ್ಸ್ ಇರುವ ಕೋವಿಯವನೇ ಆಗಿರಬೇಕು. ವಿಷ, ಸ್ಫೋಟಕ, ಕರೆಂಟು ಬೇಲಿ ಬಳಸುವಂತಿಲ್ಲ. ಹೀಗಾಗಿ 1878ರಲ್ಲಿ ಸರಕಾರ ಯಾರಿಂದ ಹೆದರಿತೋ ಅಂಥ ಹಳ್ಳಿಯ ಕೋವಿಯವನನ್ನೇ ಈಗ ಪಂಚಾಯತಿ ಹುಡುಕುತ್ತಿದೆ. ನಮ್ಮ ಕಡೆ ಹುಡುಕಿದರೆ ಅಂಥವರು ಬೆರಳೆಣಿಕೆ. ಹಳಬರು ಹೋದರು, ಹೊಸಬರು ಅರ್ಜಿ ಹಾಕಲಿಲ್ಲ.

ಚುನಾವಣೆ ಬಂದಾಗ ಕೋವಿ ಠೇವಣಿ ಇಡಲು ಆದೇಶ ಬರುತ್ತದೆ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇದನ್ನು ನೋಡುತ್ತದೆ. ಬೆಳೆಗೆ ತೀರಾ ಅಗತ್ಯ ಇದ್ದರೆ ಆ ಸಮಿತಿಗೆ ಮನವಿ ಕೊಡಬಹುದು. ಮನವಿ ಒಪ್ಪದಿದ್ದರೆ ಆದೇಶದಂತೆ ಇಟ್ಟು ರಶೀದಿ ತನ್ನಿ, ಮುಗಿದ ಮೇಲೆ ಹಿಂದೆ ತನ್ನಿ.

ನಮ್ಮ ಭಾಷೆಯಲ್ಲಿ ಕೇಳುವ ಹಕ್ಕು

ಆ ಮಗಳ ಅರ್ಜಿಯ ಜೊತೆ ನಾವು ಇಟ್ಟ ವಿವರಣೆ ಕನ್ನಡದಲ್ಲಿತ್ತು. ಒಂದು ಮೇಜಿನಲ್ಲಿ ಅದನ್ನು ಹಿಂದೆ ಕೊಟ್ಟು, ಇದನ್ನು ಓದುವವರಿಲ್ಲ, ಮಲಯಾಳ ಅಥವಾ ಇಂಗ್ಲಿಷಿನಲ್ಲಿ ತನ್ನಿ ಎಂದರು. ಜಗಳ ಮಾಡುವ ಅಗತ್ಯ ಇರಲಿಲ್ಲ. ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯಿದೆ ಉಂಟು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರೂ ತಮಿಳರೂ ಅಲ್ಲಿಯ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದರಲ್ಲಿದೆ. ಅದನ್ನು ಒಂದು ಸಾಲಿನಲ್ಲಿ ಬರೆದು, ಕನ್ನಡದ ಪತ್ರವನ್ನೇ ಪುನಃ ಕೊಟ್ಟೆವು. ತೆಗೆದುಕೊಂಡರು. ನಾನು ನೋಡಿದ ಆನ್‌ಲೈನ್ ಫಾರಂ ಮಾತ್ರ ಇಂಗ್ಲಿಷಿನಲ್ಲಿತ್ತು, ಅದನ್ನು ಹಾಗೆಯೇ ತುಂಬಿಸಿದೆವು.

ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರು ನಾವು. ನಾಲ್ಕು ಭಾಷೆ ಬರುತ್ತದೆ ಎಂದು ಹೆಮ್ಮೆಪಡುತ್ತೇವೆ. ಆದರೆ ಕಚೇರಿಯ ಬಾಗಿಲಲ್ಲಿ ನಾಲ್ಕೂ ಮರೆತವರ ಹಾಗೆ ನಿಂತುಬಿಡುತ್ತೇವೆ. ಕೋವಿ ಬೇಕೋ ಬೇಡವೋ ಅವರವರ ಇಷ್ಟ. ಅರ್ಜಿ ಹೇಗೆ ಬರೆಯುವುದು, ಉತ್ತರ ಹೇಗೆ ಕೇಳುವುದು ಎಂಬುದನ್ನು ಮಾತ್ರ ಮನೆಯ ಒಬ್ಬರಾದರೂ ಕಲಿಯಬೇಕು. ರೇಶನ್ ಕಾರ್ಡಿಗೂ ಭೂಮಿ ಪಟ್ಟೆಗೂ ಅದೇ ಕ್ರಮ.

ಮಗಳಿಗೆ ಲೈಸನ್ಸ್ ಸಿಗಲು ನಿಯಮ ಹೇಳಿದ್ದಕ್ಕಿಂತ ಹೆಚ್ಚು ತಿಂಗಳು ಹಿಡಿಯಿತು, ಆದರೆ ಸಿಕ್ಕಿತು. ಆ ಹಳೆಯ ಕಟ್ಟಿನ ಪ್ರತಿ ಪುಟವನ್ನೂ ನಾನು ಸ್ಕ್ಯಾನ್ ಮಾಡಿ ಅವರ ಮನೆಯವರಿಗೆ ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಮಂಗಳೂರು, ಕಣ್ಣೂರು ಮುದ್ರೆಯ ಕಾಗದ ಇದ್ದರೆ ಒಲೆಗೆ ಹಾಕಬೇಡಿ. ಲೈಸನ್ಸ್ ಕಳೆದುಹೋಗಿದ್ದರೆ ಅದರ ಪ್ರತಿ ಪಡೆಯಲು, ಕೋವಿ ಯಾರಿಂದ ಯಾರಿಗೆ ಬಂತು ಎಂದು ತೋರಿಸಲು ಅದೇ ಆಧಾರ.